ಸಾವಯವ ಪ್ರಯೋಗಕ್ಕೆ ಅನುದಾನ: ಅರ್ಜಿ ಎಲ್ಲಿ ಸೋಲುತ್ತದೆ?

ಪ್ರಶ್ನೆ: ಕಾಂಪೋಸ್ಟ್ ಮತ್ತು ಹಸಿರೆಲೆ ಗೊಬ್ಬರದಿಂದ ಮಣ್ಣಿನ ಆರೋಗ್ಯ ಸುಧಾರಿಸುತ್ತದೆಂದು ತೋರಿಸಲು ಎರಡು ವರ್ಷದ ಸಂಶೋಧನಾ ಅನುದಾನ ಕೇಳಿದ್ದೆವು. ‘ಉದ್ದೇಶ ಒಳ್ಳೆಯದು, ಪ್ರಯೋಗದ ವಿನ್ಯಾಸ ಸಾಲದು’ ಎಂದು ಅರ್ಜಿ ತಿರಸ್ಕರಿಸಿದರು. ಏನು ತಿದ್ದಬೇಕು?

ಉತ್ತರ: ಮೊದಲು ಪ್ರಶ್ನೆಯನ್ನೇ ತಿದ್ದಿ. ಮಣ್ಣಿನ ಆರೋಗ್ಯ ಎಂದಾಗ ಸಾಮಾನ್ಯವಾಗಿ ನೋಡುವುದು ಸಾವಯವ ಇಂಗಾಲವನ್ನು, ಅಂದರೆ ಕೊಳೆತ ಸಸ್ಯ, ಜೀವಿಗಳಿಂದ ಮಣ್ಣಿಗೆ ಬಂದ ಇಂಗಾಲವನ್ನು. ಮಣ್ಣಿನಲ್ಲಿ ಮೊದಲೇ ಇರುವ ಈ ಇಂಗಾಲದ ಮುಂದೆ ವರ್ಷಕ್ಕೆ ಸೇರುವುದು ಅತ್ಯಲ್ಪ. ಒಂದೇ ಹೊಲದ ಎರಡು ಮೂಲೆಗಳ ನಡುವಿನ ವ್ಯತ್ಯಾಸವೇ ಅದಕ್ಕಿಂತ ಹೆಚ್ಚಿರಬಹುದು. ಸಾವಯವ ಮತ್ತು ರಾಸಾಯನಿಕ ಕೃಷಿಯನ್ನು ಅಕ್ಕಪಕ್ಕ ಹೋಲಿಸುವ ಸ್ವಿಟ್ಜರ್ಲೆಂಡಿನ ಡಿಒಕೆ ಪ್ರಯೋಗ 1978ರಲ್ಲಿ, ಅಮೆರಿಕದ ರೋಡೇಲ್ ಸಂಸ್ಥೆಯ ಪ್ರಯೋಗ 1981ರಲ್ಲಿ ಶುರುವಾಗಿ ಇನ್ನೂ ನಡೆಯುತ್ತಿವೆ. ಇಂಥ ನಿಧಾನದ ಬದಲಾವಣೆ ಕಾಣಲು ದಶಕಗಳೇ ಬೇಕು. ಎರಡು ವರ್ಷದಲ್ಲಿ ಇಂಗಾಲ ಏರಿಸಿ ತೋರಿಸುತ್ತೇವೆ ಎಂದು ಬರೆದರೆ, ವಿಷಯ ಬಲ್ಲ ಪರಿಶೀಲಕರಿಗೆ ಅಲ್ಲೇ ನಂಬಿಕೆ ಹೋಗುತ್ತದೆ. ಇಳುವರಿ, ಕಳೆಯ ಒಣತೂಕ, ನೀರು ಇಂಗುವ ವೇಗ, ಎರೆಹುಳುಗಳ ಸಂಖ್ಯೆ ಇವು ಎರಡು ವರ್ಷದಲ್ಲಿ ಅಳೆಯಬಹುದಾದವು. ಎರೆಹುಳುವಿಗೆ 25 ಸೆಂ.ಮೀ. ಉದ್ದಗಲ, 30 ಸೆಂ.ಮೀ. ಆಳದ ಗುಂಡಿ ತೆಗೆದು ಎಣಿಸಿ, 16ರಿಂದ ಗುಣಿಸಿದರೆ ಚದರ ಮೀಟರಿನ ಲೆಕ್ಕ ಸಿಗುತ್ತದೆ.

ಇನ್ನು ವಿನ್ಯಾಸ. ಅರ್ಧ ಹೊಲಕ್ಕೆ ಕಾಂಪೋಸ್ಟ್ ಹಾಕಿ, ಅರ್ಧ ಹಾಗೇ ಬಿಟ್ಟು ಹೋಲಿಸುವುದು ಪ್ರಾತ್ಯಕ್ಷಿಕೆಯಾದೀತೇ ಹೊರತು ಸಂಶೋಧನೆಯಲ್ಲ. ಹೆಚ್ಚು ಬಂದ ಇಳುವರಿ ಗೊಬ್ಬರದ್ದೋ ಆ ಬದಿಯ ಮಣ್ಣಿನದ್ದೋ ಹೇಳಲಾಗದು. ಕಾಂಪೋಸ್ಟ್, ಹಸಿರೆಲೆ ಗೊಬ್ಬರ, ಏನೂ ಹಾಕದ್ದು ಎಂಬ ಮೂರು ಉಪಚಾರಗಳನ್ನು ನಾಲ್ಕು ಸಲ ಪುನರಾವರ್ತಿಸಿದರೆ 12 ತಾಕುಗಳು, ಅಂದರೆ ಪ್ರಯೋಗದ ತುಂಡು ಜಾಗಗಳು. ಇಳಿಜಾರಿಗೆ ಅಡ್ಡಲಾಗಿ ನಾಲ್ಕು ಪಟ್ಟಿ ಮಾಡಿ, ಪ್ರತಿ ಪಟ್ಟಿಯಲ್ಲೂ ಮೂರು ಉಪಚಾರ ಬರುವಂತೆ ಚೀಟಿ ಎತ್ತಿ ಜಾಗ ಹಂಚಿ. ಕೊಯ್ಲಿನಲ್ಲಿ ಅಂಚಿನ ಸಾಲು ಬಿಟ್ಟು ನಡುವಿನದ್ದನ್ನಷ್ಟೇ ತೂಗಬೇಕು. ಪಕ್ಕದ ತಾಕಿನ ಗೊಬ್ಬರ ಅಂಚಿನ ಬೇರಿಗೆ ಸಿಕ್ಕಿರುತ್ತದೆ. ಪ್ರಮಾಣೀಕೃತ ಸಾವಯವ ಜಮೀನಾದರೆ ಹೋಲಿಕೆಗೆಂದೂ ಅಲ್ಲಿ ರಾಸಾಯನಿಕ ಗೊಬ್ಬರದ ತಾಕು ಇಡಬೇಡಿ, ಆ ಜಾಗದ ಪ್ರಮಾಣಪತ್ರಕ್ಕೇ ಕುತ್ತು.

ಬಹಳ ಅರ್ಜಿಗಳು ಎಡವುವುದು ಗೊಬ್ಬರದ ಪ್ರಮಾಣದಲ್ಲಿ. ಬರೀ ‘10 ಟನ್ ಕಾಂಪೋಸ್ಟ್’ ಎಂದರೆ ಏನೂ ಹೇಳಿದಂತಲ್ಲ. ಶೇ. 30 ತೇವಾಂಶ, ಒಣತೂಕದಲ್ಲಿ ಶೇ. 1.5 ಸಾರಜನಕ ಇದ್ದರೆ ಒಂದು ಟನ್ನಿನಲ್ಲಿ ಇರುವುದು 10.5 ಕೆ.ಜಿ. ಸಾರಜನಕ, 10 ಟನ್ನಿಗೆ 105 ಕೆ.ಜಿ. ಇದರಲ್ಲಿ ಮೊದಲ ವರ್ಷ ಬೆಳೆಗೆ ದಕ್ಕುವುದು ಒಂದು ಸಣ್ಣ ಪಾಲು ಮಾತ್ರ, ಎಳೆಯ ಹಸಿರೆಲೆ ಬೇಗ ಕೊಳೆತು ಹೆಚ್ಚು ಕೊಡುತ್ತದೆ. ಎರಡರ ಸಾರಜನಕವನ್ನೂ ಪರೀಕ್ಷಿಸಿ ಸಮ ಮಾಡದಿದ್ದರೆ, ಫಲಿತಾಂಶಕ್ಕೆ ಕಾರಣ ಗೊಬ್ಬರದ ಬಗೆಯೋ ಪ್ರಮಾಣವೋ ತಿಳಿಯುವುದಿಲ್ಲ. ಈ ಲೆಕ್ಕ ಅರ್ಜಿಯಲ್ಲೇ ಕಾಣಲಿ.

ಬಜೆಟ್ ಹುಟ್ಟಬೇಕಾದ್ದು ಈ ವಿನ್ಯಾಸದಿಂದಲೇ. ಪ್ರತಿ ತಾಕಿನಲ್ಲಿ 15 ಕಡೆ, 0–15 ಸೆಂ.ಮೀ. ಆಳದ ಮಣ್ಣು ತೆಗೆದು ಬೆರೆಸಿದರೆ ಒಂದು ಮಾದರಿ. ಶುರುವಿಗೊಮ್ಮೆ, ಎರಡು ಕೊಯ್ಲಿನ ಬಳಿಕ ಒಂದೊಂದು ಸಲ ಎಂದರೆ 36 ಪರೀಕ್ಷೆ. ವಿನ್ಯಾಸದಲ್ಲಿ 36 ಇದ್ದು ಬಜೆಟ್‌ನಲ್ಲಿ 10 ಇದ್ದರೆ ಅರ್ಜಿಯನ್ನು ಯೋಚಿಸಿ ಬರೆದಿಲ್ಲ ಎಂದೇ ಅರ್ಥವಾಗುತ್ತದೆ. 12 ತಾಕುಗಳನ್ನು ಬೇರೆಬೇರೆ ಕೊಯ್ದು ತೂಗುವ ಕೂಲಿ, ದತ್ತಾಂಶ ವಿಶ್ಲೇಷಣೆ, ಜಮೀನು ಕೊಟ್ಟ ರೈತರ ಸಮಯದ ಬೆಲೆ ಇವನ್ನೂ ಸೇರಿಸಿ. ರೈತರ ದುಡಿಮೆಯನ್ನು ಪುಕ್ಕಟೆ ಎಂದು ತೋರಿಸುವುದು ಅನ್ಯಾಯ, ಮೇಲಾಗಿ ಎರಡನೇ ವರ್ಷಕ್ಕೆ ಅವರು ಕೈಬಿಡಲು ಅದೇ ಕಾರಣವಾಗುತ್ತದೆ. ಖರ್ಚು ಮಾಡಿ ಬಿಲ್ ಕೊಟ್ಟ ಮೇಲೆ ಹಣ ಮರಳಿಸುವ ಅನುದಾನವೋ ಎಂಬುದನ್ನು ಮೊದಲೇ ನೋಡಿಕೊಳ್ಳಿ; ಹಾಗಿದ್ದರೆ ಒಂದು ಹಂಗಾಮಿನ ಖರ್ಚು ಕೈಯಲ್ಲಿರಬೇಕು.

ಮತ್ತೆ ಸಲ್ಲಿಸುವಾಗ ಪರಿಶೀಲಕರ ಪ್ರತಿ ಆಕ್ಷೇಪಕ್ಕೂ ಎಲ್ಲಿ, ಏನು ಬದಲಿಸಿದಿರಿ ಎಂದು ಒಂದು ಪುಟದಲ್ಲಿ ಬರೆದು ಜೊತೆಗಿಡಿ. ಸಂಖ್ಯಾಶಾಸ್ತ್ರ ಬಲ್ಲವರಿಗೆ ತಾಕಿನ ನಕ್ಷೆಯನ್ನು ಬಿತ್ತನೆಗೆ ಮುಂಚೆಯೇ ತೋರಿಸಿ. ಕೊಯ್ಲಾದ ಮೇಲೆ ವಿನ್ಯಾಸ ತಿದ್ದಲು ಅವರಿಂದಲೂ ಆಗದು.