ಇದು ಯಾವ ಕಸಿ? ‘ಸ್ಟೆಮ್ ಸೆಲ್ ಕಸಿ’ ಎಂಬ ಮಾತಿನ ಹಿಂದೆ

ಮಳೆಗಾಲ ಶುರುವಾಗುವ ಹೊತ್ತಿಗೆ ತೀರ್ಥಹಳ್ಳಿ ಹತ್ತಿರದ ದೊಡ್ಡಪ್ಪನ ಮನೆಗೆ ಹೋಗಿದ್ದೆ. ಜಗುಲಿಯಲ್ಲಿ ಕೂತು ಅಪ್ಪೆಮಿಡಿ ಕಸಿ ಕಟ್ಟುತ್ತಿದ್ದರು. ಮುಂದೆ ಬ್ಲೇಡು, ಪ್ಲಾಸ್ಟಿಕ್ ಪಟ್ಟಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಕುಡಿಗಳು. ಪಕ್ಕದ ಊರಿನ ಹುಡುಗನೊಬ್ಬನಿಗೆ ಬ್ಲಡ್ ಕ್ಯಾನ್ಸರ್ ಅಂತ ಬೆಂಗಳೂರಲ್ಲಿ ಅಸ್ಥಿಮಜ್ಜೆ ಕಸಿ ಮಾಡಿದ್ದಾರಂತೆ ಎಂದೆ. ದೊಡ್ಡಪ್ಪ ಬ್ಲೇಡು ಕೆಳಗಿಟ್ಟು ಕೇಳಿದರು: "ಅಲ್ಲ ಮಾರಾಯ, ಮನುಷ್ಯನಿಗೆ ಕಸಿ ಎಲ್ಲಿ ಕಟ್ತಾರೆ? ಸೊಂಟಕ್ಕಾ, ಬೆನ್ನಿಗಾ?"

ನಗು ಬಂತು. ಆದರೆ ಕೇಳಿದ್ದು ಸರಿಯಾಗೇ ಇತ್ತು. ಪೇಪರಿನಲ್ಲಿ ‘ಕಾಂಡಕೋಶ ಕಸಿ’, ‘ಆಕರಕೋಶ ಕಸಿ’, ‘ಅಸ್ಥಿಮಜ್ಜೆ ಕಸಿ’ ಅಂತ ಮೂರು ಥರ ಬರೆಯುತ್ತಾರೆ. ಆಸ್ಪತ್ರೆಯಲ್ಲಿ ಎಲ್ಲರೂ ‘ಬೋನ್ ಮ್ಯಾರೋ’ ಅನ್ನುತ್ತಾರೆ. ಓದಿದವರಿಗೂ ಒಳಗೆ ಏನು ನಡೆಯುತ್ತದೆ ಅಂತ ಗೊತ್ತಾಗುವುದು ಕಷ್ಟ.

ಮೊದಲು ‘ಸ್ಟೆಮ್’ ನೋಡೋಣ. ಕಾಂಡಕೋಶ ಅಂದಕೂಡಲೇ ನಮಗೆ ಮರದ ಬೊಡ್ಡೆ ಕಣ್ಣಿಗೆ ಬರುತ್ತದೆ, ಅಲ್ವಾ? ಇಂಗ್ಲಿಷಿನ ‘ಸ್ಟೆಮ್ ಸೆಲ್’ ಎಂಬ ಪದ ಜರ್ಮನ್ ಭಾಷೆಯಿಂದ ಬಂದದ್ದು. 1868ರಲ್ಲಿ ಅರ್ನ್‌ಸ್ಟ್ ಹೆಕೆಲ್ ಎಂಬ ಜೀವವಿಜ್ಞಾನಿ ಇದನ್ನು ಬಳಸಿದ. ಜೀವಿಗಳ ವಂಶವೃಕ್ಷ ಬರೆಯುವುದು ಅವನಿಗೆ ಹುಚ್ಚು. ಎಲ್ಲಾ ಜೀವಿಗಳಿಗೂ ಹಿರಿಯನಾದ ಒಂದೇ ಕೋಶದ ಜೀವಿಗೆ ಅವನು ಈ ಹೆಸರಿಟ್ಟ. ಜರ್ಮನ್ನಿನಲ್ಲಿ ‘ಶ್ಟಾಮ್’ ಅಂದರೆ ಕಾಂಡವೂ ಹೌದು, ವಂಶವೂ ಹೌದು. ಕನ್ನಡದಲ್ಲಿ ನಾವು ಕಾಂಡ ಹಿಡಿದುಕೊಂಡೆವು, ವಂಶ ಬಿಟ್ಟೆವು. ನನ್ನ ಕೇಳಿದರೆ ‘ಮೂಲಕೋಶ’ ಇದ್ದುದರಲ್ಲಿ ವಾಸಿ. ಮನೆತನದ ಮೂಲಪುರುಷ ಅನ್ನುತ್ತೇವಲ್ಲ, ಹಾಗೆ.

ನಮ್ಮ ಎಲುಬಿನ ಒಳಗಿನ ಮಜ್ಜೆಯಲ್ಲಿ ರಕ್ತದ ಮೂಲಕೋಶಗಳಿವೆ. ಇವುಗಳಿಗೆ ಎರಡು ಕೆಲಸ. ತಮ್ಮಂಥದೇ ಇನ್ನೊಂದನ್ನು ಮಾಡುವುದು, ಮತ್ತು ಕೆಂಪುಕಣ, ಬಿಳಿಕಣ, ಪ್ಲೇಟ್‌ಲೆಟ್ ಎಲ್ಲದಕ್ಕೂ ಹುಟ್ಟು ಕೊಡುವುದು. ಕೆಂಪುಕಣ ಒಂದೇ ದಿನಕ್ಕೆ ಸುಮಾರು 20,000 ಕೋಟಿ ತಯಾರಾಗುತ್ತವೆ. ಇಂಥ ಕೋಶ ನಿಜಕ್ಕೂ ಇದೆ ಅಂತ ಗಟ್ಟಿಯಾದ ಸಾಕ್ಷಿ ಸಿಕ್ಕಿದ್ದು 1961ರಲ್ಲಿ, ಕೆನಡಾದ ಟೊರಾಂಟೊದಲ್ಲಿ. ಟಿಲ್ ಮತ್ತು ಮೆಕಲಕ್ ಎಂಬ ಇಬ್ಬರು, ವಿಕಿರಣ ಕೊಟ್ಟ ಇಲಿಗಳಿಗೆ ಮಜ್ಜೆ ಹಾಕಿ ನೋಡಿದಾಗ ಗುಲ್ಮದ (ಸ್ಪ್ಲೀನ್) ಮೇಲೆ ಸಣ್ಣ ಸಣ್ಣ ಗಂಟುಗಳು ಎದ್ದಿದ್ದವು. ಒಂದೊಂದು ಗಂಟೂ ಒಂದೊಂದೇ ಕೋಶದಿಂದ ಬೆಳೆದದ್ದು ಅಂತ ಆಮೇಲೆ ತೋರಿಸಿದರು.

ಇನ್ನು ‘ಕಸಿ’. ದೊಡ್ಡಪ್ಪ ತಡವರಿಸಿದ್ದು ಇಲ್ಲೇ. ಅವರ ಲೆಕ್ಕದಲ್ಲಿ ಕಸಿ ಅಂದರೆ ಬೇರುಗಿಡ ಒಂದು, ಕುಡಿ ಒಂದು, ಎರಡನ್ನೂ ಕೊಯ್ದು ಕೂಡಿಸಿ ಕಟ್ಟುವುದು. ಕಾಳುಮೆಣಸನ್ನು ಹಿಪ್ಪಲಿಗೆ ಕಟ್ಟುವುದೂ ಹಾಗೇ. ಬೇರಿಗೆ ರೋಗ ತಡೆಯುವ ಶಕ್ತಿ ಇರಲಿ, ಮೇಲೆ ಫಸಲು ನಮ್ಮದಿರಲಿ ಅಂತ. ಮೂಲಕೋಶ ಕೊಡುವಾಗ ಹೀಗೆ ಕೊಯ್ಯುವುದೂ ಇಲ್ಲ, ಹೊಲಿಯುವುದೂ ಇಲ್ಲ. ರಕ್ತ ಏರಿಸಿದ ಹಾಗೆ ಒಂದು ಚೀಲ ನೇತುಹಾಕುತ್ತಾರೆ. ಪೈಪಿನಿಂದ ರಕ್ತನಾಳಕ್ಕೆ ಹನಿಹನಿಯಾಗಿ ಇಳಿಯುತ್ತದೆ, ಅಷ್ಟೇ. ಆ ಕೋಶಗಳು ಮೈಯೆಲ್ಲ ಸುತ್ತಿ ಎಲುಬಿನೊಳಗಿನ ತಮ್ಮ ಜಾಗವನ್ನು ತಾವೇ ಹುಡುಕಿಕೊಂಡು ಹೋಗಿ ಕೂರುತ್ತವೆ. ದಾರಿ ತೋರಿಸುವುದು ಎಲುಬಿನ ಒಳಗಿನಿಂದ ಬರುವ ರಾಸಾಯನಿಕ ಸೂಚನೆಗಳು.

ಹೇಳಿ ಮುಗಿಸುವ ಮುಂಚೆಯೇ ದೊಡ್ಡಪ್ಪ, "ಹಂಗಾದ್ರೆ ಅದು ಕಸಿ ಅಲ್ಲ, ನೆಟ್ಟಿ" ಅಂದುಬಿಟ್ಟರು.

ನನಗೆ ಹೊಳೆದಿರಲಿಲ್ಲ. ಯೋಚಿಸಿದರೆ ಪೂರಾ ಹೊಂದುತ್ತದೆ. ನೆಟ್ಟಿಗೆ ಮುಂಚೆ ಗದ್ದೆ ಉತ್ತು, ಕಳೆ ಕೊಳೆಸಿ, ಕೆಸರು ಮಾಡುತ್ತೇವೆ. ಇಲ್ಲಿ ಜೋರು ಕೀಮೋ, ಕೆಲವೊಮ್ಮೆ ಮೈಗೆಲ್ಲ ವಿಕಿರಣ ಕೊಟ್ಟು ಕೆಟ್ಟ ಕೋಶಗಳ ಜೊತೆ ಇದ್ದ ಮಜ್ಜೆಯನ್ನೂ ಅಳಿಸುತ್ತಾರೆ. ಅಲ್ಲಿಂದ ಮುಂದೆ ಹಿಂದೆ ಸರಿಯುವ ಹಾಗಿಲ್ಲ. ಅಗೆ ನೆಟ್ಟ ಒಂದು ವಾರ ಗದ್ದೆ ಹಳದಿ ಹಳದಿ, ಎಲ್ಲ ಹೋಯ್ತು ಅನ್ನೋ ಹಾಗೆ ಕಾಣುತ್ತದೆ. ಇಲ್ಲೂ ಎರಡರಿಂದ ನಾಲ್ಕು ವಾರ ಬಿಳಿಕಣ ಬಹುತೇಕ ಸೊನ್ನೆ. ಬಾಯೆಲ್ಲ ಹುಣ್ಣು, ಜ್ವರ, ಒಂದು ಸಣ್ಣ ಸೋಂಕೂ ಜೀವಕ್ಕೆ ಬರಬಹುದು. ಅದಕ್ಕೇ ರೋಗಿಯನ್ನು ಬೇರೆ ಕೋಣೆಯಲ್ಲಿ ಇಟ್ಟಿರುತ್ತಾರೆ. ಆಮೇಲೆ ಒಂದು ಬೆಳಿಗ್ಗೆ ರಕ್ತದ ವರದಿಯಲ್ಲಿ ಕಣಗಳ ಸಂಖ್ಯೆ ಮೇಲೇರಲು ಶುರುವಾಗುತ್ತದೆ. ಡಾಕ್ಟರು ಇದಕ್ಕೆ ‘ಎನ್‌ಗ್ರಾಫ್ಟ್ ಆಯ್ತು’ ಅನ್ನುತ್ತಾರೆ. ನಮ್ಮ ಮಾತಿನಲ್ಲಿ ಬೇರು ಹಿಡೀತು.

ಆದರೆ ಗದ್ದೆ ಸಸಿಯನ್ನು ಓಡಿಸುವುದಿಲ್ಲ, ಸಸಿಯೂ ಗದ್ದೆಯ ಮೇಲೆ ಬೀಳುವುದಿಲ್ಲ. ಮನುಷ್ಯರ ಮೈಯಲ್ಲಿ ಎರಡೂ ಆಗುತ್ತದೆ. ಇದನ್ನು ಹತೋಟಿಗೆ ತರುವುದರಲ್ಲೇ ಒಬ್ಬ ವೈದ್ಯ ತನ್ನ ಆಯುಷ್ಯ ಸವೆಸಿದ.

ಅವನ ಹೆಸರು ಡಾನಲ್ ಥಾಮಸ್. 1920ರಲ್ಲಿ ಅಮೆರಿಕದ ಟೆಕ್ಸಾಸಿನ ಮಾರ್ಟ್ ಎಂಬ ಪುಟ್ಟ ಊರಲ್ಲಿ ಹುಟ್ಟಿದವನು, ಹಳ್ಳಿ ಡಾಕ್ಟರ ಮಗ. ಕಾಲೇಜಿನಲ್ಲಿದ್ದಾಗ ಅಪರೂಪಕ್ಕೆ ಹಿಮ ಬಿದ್ದ ದಿನ ಒಬ್ಬಳು ಹುಡುಗಿ ಮುಖಕ್ಕೆ ಹಿಮದುಂಡೆ ಎಸೆದಳಂತೆ. ಅವಳೇ ಡಾಟಿ, ಮುಂದೆ ಹೆಂಡತಿ. ಪತ್ರಿಕೋದ್ಯಮ ಓದುತ್ತಿದ್ದವಳು ಅದನ್ನು ಬಿಟ್ಟು ಲ್ಯಾಬ್ ಕೆಲಸ ಕಲಿತಳು. ರಕ್ತ ತೆಗೆಯುವುದರಿಂದ ಹಿಡಿದು ಪ್ರಬಂಧ ತಿದ್ದುವವರೆಗೆ ಅವನ ಕೆಲಸದ ಅರ್ಧ ಭಾರ ಹೊತ್ತಳು. ನೊಬೆಲ್ ಮಾತ್ರ ಅವನ ಹೆಸರಿಗೆ. ಇರಲಿ.

1957ರಲ್ಲಿ ಥಾಮಸ್ ಮೊದಲ ಆರು ರೋಗಿಗಳ ವರದಿ ಪ್ರಕಟಿಸಿದ. ವಿಕಿರಣ ಅಥವಾ ಕೀಮೋ ಕೊಟ್ಟು, ಬೇರೆಯವರ ಮಜ್ಜೆಯನ್ನು ರಕ್ತನಾಳಕ್ಕೆ ಏರಿಸಿದ್ದ. ಮಜ್ಜೆ ಸ್ವಲ್ಪವಾದರೂ ಹಿಡಿದದ್ದು ಇಬ್ಬರಲ್ಲಿ, ಅದೂ ಕೆಲ ದಿನ. ಆರು ಜನವೂ ನೂರು ದಿನದೊಳಗೆ ತೀರಿಕೊಂಡರು. (ಅದೇ 1957ರಲ್ಲಿ ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು. ಮಂಗನ ಕಾಯಿಲೆ ಗೊತ್ತಾದ ವರ್ಷ ಅದು. ಮಲೆನಾಡಿನ ಹಳ್ಳಿಯವರಿಗೂ ‘ಪ್ಲೇಟ್‌ಲೆಟ್ ಇಳೀತು’ ಅನ್ನುವ ಮಾತು ಚೆನ್ನಾಗಿ ಗೊತ್ತಿದೆ ಎಂದರೆ ಅದಕ್ಕೆ ಆ ಕಾಯಿಲೆಯೂ ಒಂದು ಕಾರಣ.)

ಬೇರೆಯವರಾದರೆ ಅಲ್ಲಿಗೇ ಬಿಡುತ್ತಿದ್ದರು, ಬಿಟ್ಟರು ಕೂಡ. ಥಾಮಸ್ ನಾಯಿಗಳ ಕಡೆ ತಿರುಗಿದ. ಸುಮಾರು ಹತ್ತು ವರ್ಷ ನಾಯಿಗಳಲ್ಲೇ ಕೆಲಸ. ಒಂದೇ ತಾಯಿಯ ಮರಿಗಳಲ್ಲಿ ಕೆಲವದ್ದು ಕೆಲವಕ್ಕೆ ಹಿಡಿಯುತ್ತದೆ, ಕೆಲವಕ್ಕೆ ಹಿಡಿಯುವುದಿಲ್ಲ, ಯಾಕೆ? ಕೋಶಗಳ ಮೇಲೆ ಗುರುತಿನ ಚೀಟಿಯಂಥ ಪ್ರೋಟೀನುಗಳಿರುತ್ತವೆ. ಮನುಷ್ಯರಲ್ಲಿ ಅದಕ್ಕೆ ಎಚ್‌ಎಲ್‌ಎ ಅನ್ನುತ್ತಾರೆ. 1958ರಲ್ಲಿ ಫ್ರಾನ್ಸಿನ ಜಾನ್ ದೋಸೆ ಅದರ ಸುಳಿವು ಹಿಡಿದಿದ್ದ. ಚೀಟಿ ಹೊಂದದಿದ್ದರೆ ಹೊಸದಾಗಿ ಬಂದ ಬಿಳಿಕಣಗಳು ಇಡೀ ಮೈಯನ್ನೇ ಪರಕೀಯ ಅಂದುಕೊಂಡು ಚರ್ಮ, ಕರುಳು, ಲಿವರಿನ ಮೇಲೆ ಬೀಳುತ್ತವೆ. ಇದಕ್ಕೆ ಜಿವಿಎಚ್‌ಡಿ (ಗ್ರಾಫ್ಟ್ ವರ್ಸಸ್ ಹೋಸ್ಟ್ ಡಿಸೀಸ್) ಅನ್ನುತ್ತಾರೆ. ಚೀಟಿ ಹೊಂದಿದರೂ ಸ್ವಲ್ಪ ಮಟ್ಟಿಗೆ ಆಗಬಹುದು. ಅದನ್ನು ತಗ್ಗಿಸಲು ಮೆಥೊಟ್ರೆಕ್ಸೇಟ್ ಎಂಬ ಔಷಧ ಕೊಡುವುದನ್ನೂ ಮೊದಲು ನಾಯಿಗಳಲ್ಲೇ ಕಲಿತರು.

1963ರಲ್ಲಿ ಥಾಮಸ್ ಸಿಯಾಟಲ್‌ಗೆ ಹೋದ. 1969ರಲ್ಲಿ ಒಡಹುಟ್ಟಿದವರ ಹೊಂದುವ ಮಜ್ಜೆ ಇಟ್ಟುಕೊಂಡು ಮತ್ತೆ ಮನುಷ್ಯರಲ್ಲಿ ಶುರು ಮಾಡಿದ. 1977ರ ವರದಿಯಲ್ಲಿ, ಬೇರೆ ಯಾವ ಚಿಕಿತ್ಸೆಯೂ ಉಳಿದಿಲ್ಲದ 100 ಲ್ಯುಕೇಮಿಯಾ (ಬ್ಲಡ್ ಕ್ಯಾನ್ಸರ್) ರೋಗಿಗಳಲ್ಲಿ 13 ಜನ ಕಾಯಿಲೆ ಇಲ್ಲದೆ ಬದುಕಿದ್ದರು. ಹದಿಮೂರೇ ಅನ್ನಿಸಬಹುದು. ಆದರೆ ಉಳಿಯುವ ಆಸೆಯೇ ಇಲ್ಲದವರ ಗುಂಪು ಅದು. ಕಾಯಿಲೆ ಕೈಮೀರುವ ಮುಂಚೆ, ಮೊದಲ ಸಲ ಹತೋಟಿಗೆ ಬಂದಾಗಲೇ ಕಸಿ ಮಾಡಿದರೆ ಉಳಿಯುವವರು ಇನ್ನೂ ಜಾಸ್ತಿ ಅಂತ 1979ರಲ್ಲಿ ತೋರಿಸಿದರು. 1990ರಲ್ಲಿ, ಕಿಡ್ನಿ ಕಸಿಯ ಜೋಸೆಫ್ ಮರೇ ಜೊತೆ ಥಾಮಸ್‌ಗೆ ನೊಬೆಲ್ ಬಂತು. 2012ರಲ್ಲಿ ತೀರಿಕೊಂಡ.

ಸಿಯಾಟಲ್ ತಂಡ ಗಮನಿಸಿದ ಇನ್ನೊಂದು ಸಂಗತಿ ನನಗೆ ಎಲ್ಲಕ್ಕಿಂತ ಇಷ್ಟ. ಜಿವಿಎಚ್‌ಡಿ ಬಂದು ಪಾರಾದವರಿಗೆ ಕ್ಯಾನ್ಸರ್ ಮರುಕಳಿಸುವುದು ಕಮ್ಮಿ. ತದ್ರೂಪಿ ಅವಳಿಯಿಂದ ಮಜ್ಜೆ ಪಡೆದವರಿಗೆ ಜಿವಿಎಚ್‌ಡಿ ಕಾಟವೇ ಇರಲಿಲ್ಲ, ಆದರೆ ಕ್ಯಾನ್ಸರ್ ವಾಪಸ್ ಬರುವುದು ಜಾಸ್ತಿ. ಅಂದರೆ ಹೊಸ ಬಿಳಿಕಣಗಳು ಖಾಲಿ ಜಾಗ ತುಂಬುವುದಷ್ಟೇ ಅಲ್ಲ, ಕೀಮೋಗೆ ಸಿಗದೆ ಅವಿತುಕೊಂಡ ಕ್ಯಾನ್ಸರ್ ಕೋಶವನ್ನೂ ಹುಡುಕಿ ಕೊಲ್ಲುತ್ತವೆ. ನೆಟ್ಟ ಸಸಿಯೇ ಕಳೆ ಕಿತ್ತ ಹಾಗೆ! ದೊಡ್ಡಪ್ಪ ಇದನ್ನು ಮಾತ್ರ ನಂಬಲಿಲ್ಲ.

ನಮ್ಮ ದೇಶಕ್ಕೆ ಇದು ಬಂದದ್ದು 1983ರಲ್ಲಿ, ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಗೆ. ಡಾ. ಸುರೇಶ್ ಅಡ್ವಾಣಿಯವರ ತಂಡ 9 ವರ್ಷದ ಹುಡುಗಿಗೆ ಅವಳ ಅಣ್ಣತಮ್ಮಂದಿರಲ್ಲಿ ಒಬ್ಬನ ಮಜ್ಜೆ ಕೊಟ್ಟಿತು. ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಗಾಲಿಕುರ್ಚಿಯಲ್ಲಿ ಓಡಾಡುತ್ತಿದ್ದ ಅಡ್ವಾಣಿ, ಈ ವಿದ್ಯೆ ಕಲಿಯಲು ಥಾಮಸ್ ಇದ್ದ ಸಿಯಾಟಲ್‌ಗೇ ಹೋಗಿ ಬಂದವರು.

ಈಗ ಎರಡು ಬಗೆ ಇವೆ. ತಮ್ಮದೇ ಕೋಶ ಮೊದಲೇ ತೆಗೆದಿಟ್ಟು, ಜೋರು ಕೀಮೋ ಆದಮೇಲೆ ವಾಪಸ್ ಕೊಡುವುದು ಆಟೋಲೋಗಸ್. ಮೈಲೋಮಾದಂಥ ಮಜ್ಜೆಯ ಕ್ಯಾನ್ಸರಿಗೆ ಇದೇ ಜಾಸ್ತಿ. ಬೇರೆಯವರಿಂದ ಪಡೆಯುವುದು ಅಲೋಜೆನಿಕ್. ಒಡಹುಟ್ಟಿದ ಒಬ್ಬೊಬ್ಬರೂ ಪೂರಾ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಈಗ ಅಪ್ಪ, ಅಮ್ಮ, ಮಕ್ಕಳ ಅರ್ಧ ಹೊಂದುವ ಕೋಶಗಳಿಂದಲೂ ಮಾಡುತ್ತಾರೆ. ವಿಚಿತ್ರ ಅಂದರೆ ಬ್ಲಡ್ ಗ್ರೂಪ್ ಹೊಂದಲೇಬೇಕು ಅಂತಿಲ್ಲ. ಬೇರು ಹಿಡಿದ ಮೇಲೆ ರೋಗಿಯ ಗ್ರೂಪೇ ನಿಧಾನಕ್ಕೆ ಕೊಟ್ಟವರ ಗ್ರೂಪಿಗೆ ಬದಲಾಗುತ್ತದೆ. ಚಿಕ್ಕಂದಿನಲ್ಲಿ ಹಾಕಿದ ಲಸಿಕೆಗಳನ್ನು ಮತ್ತೆ ಮೊದಲಿಂದ ಹಾಕಿಸಬೇಕು. ಹಳೆಯ ರಕ್ಷಣೆಯ ನೆನಪು ಬಹುಪಾಲು ಅಳಿಸಿಹೋಗಿರುತ್ತದೆ.

ಕೊಡುವವರಿಗೆ ಬೆನ್ನುಹುರಿ ಕೊರೆಯುತ್ತಾರೆ ಅನ್ನುವುದು ಸುಮ್ನೆ ಹಬ್ಬಿದ ಮಾತು. ಮಜ್ಜೆ ತೆಗೆಯುವುದಾದರೆ ಅರಿವಳಿಕೆ ಕೊಟ್ಟು ಸೊಂಟದ ಎಲುಬಿನಿಂದ. ಈಗ ಬಹುಪಾಲು ಅದೂ ಇಲ್ಲ. ನಾಲ್ಕೈದು ದಿನ ಇಂಜೆಕ್ಷನ್ ಕೊಟ್ಟು ಮೂಲಕೋಶಗಳನ್ನು ಎಲುಬಿನಿಂದ ರಕ್ತಕ್ಕೆ ಇಳಿಸಿ, ಕೆಲವು ಗಂಟೆ ಯಂತ್ರದ ಪಕ್ಕ ಮಲಗಿಸಿ ಸೋಸಿ ತೆಗೆಯುತ್ತಾರೆ. ಮೈಕೈ ನೋವು ಬರುತ್ತದೆ, ಹೋಗುತ್ತದೆ. ಕೊಟ್ಟಷ್ಟೂ ಕೆಲವೇ ವಾರದಲ್ಲಿ ಮತ್ತೆ ತುಂಬಿಕೊಳ್ಳುತ್ತದೆ.

ಇಷ್ಟು ಹೊತ್ತೂ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದ ದೊಡ್ಡಮ್ಮ ಒಂದು ಪೊಟ್ಟಣ ಹಿಡಿದು ಹೊರಗೆ ಬಂದರು. "ಹಂಗಾದ್ರೆ ಇದು ಏನೋ?" ಸೇಬಿನ ಸ್ಟೆಮ್ ಸೆಲ್ ಪುಡಿ. ನಾಲಿಗೆ ಕೆಳಗೆ ಇಟ್ಟುಕೊಂಡರೆ ಮಂಡಿನೋವಿನಿಂದ ಕ್ಯಾನ್ಸರಿನ ತನಕ ಎಲ್ಲ ವಾಸಿ ಅಂತ ಪರಿಚಯದವರೊಬ್ಬರು ಮಾರಿ ಹೋಗಿದ್ದರು. ಸೇಬಿನ ಕೋಶ ಎಷ್ಟೇ ಮೂಲದ್ದಾದರೂ ಸೇಬಿಂದೇ, ಅದರಿಂದ ಮನುಷ್ಯನ ರಕ್ತ ಹುಟ್ಟುವುದಿಲ್ಲ, ತಿಂದರೆ ಜೀರ್ಣವಾಗುತ್ತದೆ ಅಷ್ಟೇ ಎಂದೆ. ನಿಜವಾದ ಮೂಲಕೋಶವೂ ಎಲ್ಲಾ ಕ್ಯಾನ್ಸರಿಗೆ ಆಗುವುದಿಲ್ಲ. 1990ರ ದಶಕದಲ್ಲಿ ಸ್ತನ ಕ್ಯಾನ್ಸರಿಗೂ ಜೋರು ಕೀಮೋ ಕೊಟ್ಟು ಅವರದೇ ಮೂಲಕೋಶ ವಾಪಸ್ ಹಾಕಿ ನೋಡಿದರು. ಮಾಮೂಲಿ ಚಿಕಿತ್ಸೆಗಿಂತ ಜಾಸ್ತಿ ಜನ ಉಳಿಯಲಿಲ್ಲ, ಕೈಬಿಟ್ಟರು.

ದೊಡ್ಡಮ್ಮ ಪೊಟ್ಟಣವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ದುಡ್ಡು ಕೊಟ್ಟು ತಂದದ್ದಲ್ವಾ, ಎಸೆಯಲು ಮನಸ್ಸು ಬರಲಿಲ್ಲ. ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ ಕಾಫಿ ಇಡಲು ಹೋದರು.