ಬ್ಯಾರಿಟೋನ್ ಸಾಲನ್ನು ನೀವೇ ಹಾಡಿ ನೋಡಿದ್ದೀರಾ?

ಪ್ರಶ್ನೆ: ಬಾರ್ಬರ್‌ಶಾಪ್ ಶೈಲಿಯ ಕೋರಸ್ ಒಂದನ್ನು ನಡೆಸಬೇಕು, ಅದಕ್ಕೆ ಹಾಡುಗಳನ್ನು ನಾನೇ ನಾಲ್ಕು ಧ್ವನಿಗಳಿಗೆ ಹೊಂದಿಸಬೇಕು ಎಂಬ ಆಸೆ ನನಗಿದೆ. ಆದರೆ ಪಿಯಾನೋ ಬಾರದು. ತರಬೇತಿ ಎಲ್ಲಿ ಸಿಗುತ್ತದೆ, ಹೇಗಿರುತ್ತದೆ?

ಉತ್ತರ: ಪಿಯಾನೋ ಬಾರದೆಂದು ಹಿಂಜರಿಯಬೇಡಿ. ವಾದ್ಯದ ಆಸರೆಯಿಲ್ಲದೆ ನಾಲ್ಕು ಧ್ವನಿಗಳಲ್ಲಿ (ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಟೆನರ್, ಲೀಡ್, ಬ್ಯಾರಿಟೋನ್, ಬೇಸ್) ಹಾಡುವ ಈ ಶೈಲಿ ಅಮೆರಿಕದಲ್ಲಿ, ಮುಖ್ಯವಾಗಿ ಆಫ್ರಿಕನ್ ಅಮೆರಿಕನ್ನರ ನಡುವೆ, ಕಿವಿಯನ್ನೇ ನಂಬಿ ಬೆಳೆಯಿತು. ಒಬ್ಬರು ಹಾಡು ಎತ್ತಿದರೆ ಉಳಿದ ಮೂವರು ಅಲ್ಲಲ್ಲೇ ತಮ್ಮ ಸ್ವರ ಹುಡುಕಿಕೊಳ್ಳುತ್ತಿದ್ದರು. ಬರೆದ ಪ್ರತಿಗಳು ಬಂದದ್ದು ಆಮೇಲೆ.

ಕಿವಿಗೆ ಇಷ್ಟು ಬೆಲೆ ಏಕೆಂದರೆ, ಈ ಗಾಯನದ ಜೀವಾಳವೇ ಒಂದು ಸ್ವರಮೇಳ, ಅಂದರೆ ಒಟ್ಟಿಗೆ ಮೊಳಗುವ ನಾಲ್ಕು ಸ್ವರಗಳ ಗುಚ್ಛ. ನಮ್ಮ ಹೆಸರುಗಳಲ್ಲಿ ಹೇಳುವುದಾದರೆ ಷಡ್ಜ, ಅಂತರ ಗಾಂಧಾರ, ಪಂಚಮ, ಕೈಶಿಕಿ ನಿಷಾದ. ಅವುಗಳ ಕಂಪನಗಳು 4:5:6:7 ಅನುಪಾತಕ್ಕೆ ಬಂದು ಕೂತಾಗ ಯಾರೂ ಹಾಡದ ಸ್ವರವೊಂದು ಮೇಲೆ ಮೊಳಗಿದಂತೆ ಕೇಳಿಸುತ್ತದೆ. ತಂಬೂರಿಯಲ್ಲಿ ಸ್ವಯಂಭೂ ಗಾಂಧಾರವನ್ನು ಕೇಳಿದವರಿಗೆ ಈ ಅನುಭವ ಹೊಸದಲ್ಲ. ಪಿಯಾನೋದ ಗಾಂಧಾರವಾದರೋ ಆ ಜಾಗಕ್ಕಿಂತ ಅರ್ಧಸ್ವರದ ಸುಮಾರು ಶೇ 14ರಷ್ಟು ಮೇಲಿದೆ, ನಿಷಾದ ಶೇ 31ರಷ್ಟು. ಹಾಗಾಗಿ ನಿರ್ದೇಶಕರ ತರಬೇತಿಯಲ್ಲಿ ಕೈ ಆಡಿಸುವುದಕ್ಕಿಂತ ಕೇಳಿಸಿಕೊಳ್ಳುವ ಅಭ್ಯಾಸವೇ ಹೆಚ್ಚು: ನಾಲ್ವರ ‘ಆ’ಕಾರವೂ ಒಂದೇ ಆಗಿದೆಯೇ, ಬೇಸ್ ಗಟ್ಟಿಯಾಗಿ ನಿಂತಿದೆಯೇ, ಮೇಲಿನ ಟೆನರ್ ಹಗುರವಾಗಿದೆಯೇ?

ಹಾಡು ಹೊಂದಿಸುವವರ ಕಲಿಕೆ ಇನ್ನೂ ಸೂಕ್ಷ್ಮ. ಇಲ್ಲಿ ಮುಖ್ಯ ರಾಗ ಮೇಲಿನಿಂದ ಎರಡನೆಯ ಧ್ವನಿಯಾದ ಲೀಡ್‌ಗೆ ಸೇರಿದ್ದು. ಟೆನರ್ ಮತ್ತು ಬೇಸ್ ತಮ್ಮ ಪಾಲು ಪಡೆದ ಮೇಲೆ ಉಳಿದ ಸ್ವರ ಬ್ಯಾರಿಟೋನ್‌ಗೆ. ಮೇಲೆ ಹೇಳಿದ ಸ್ವರಮೇಳದಲ್ಲೇ ಲೀಡ್ ಪಂಚಮದಲ್ಲಿದೆ ಎನ್ನಿ. ಬೇಸ್ ಷಡ್ಜ, ಟೆನರ್ ನಿಷಾದ, ಬ್ಯಾರಿಟೋನ್‌ಗೆ ಗಾಂಧಾರ. ಮರುಕ್ಷಣ ಲೀಡ್ ಗಾಂಧಾರಕ್ಕೆ ಇಳಿಯಿತು. ಬ್ಯಾರಿಟೋನ್ ಈಗ ಲೀಡನ್ನು ದಾಟಿ ಪಂಚಮಕ್ಕೆ ಹಾರಬೇಕು. ಕಾಗದದ ಮೇಲೆ ಇದರಲ್ಲಿ ತಪ್ಪಿಲ್ಲ, ಹಾಡುವವರು ಮಾತ್ರ ತಡವರಿಸುತ್ತಾರೆ. ಬೇಸನ್ನು ಪಂಚಮಕ್ಕೆ ಏರಿಸಿದರೆ ಬ್ಯಾರಿಟೋನ್ ಲೀಡ್‌ನ ಕೆಳಗೇ ಇದ್ದು ಷಡ್ಜಕ್ಕೆ ಸಲೀಸಾಗಿ ಇಳಿಯುತ್ತದೆ. ಸ್ವರಗಳು ಅವೇ ನಾಲ್ಕು, ಹಂಚಿಕೆ ಬೇರೆ. ಇಂಥ ಕಡೆ ಬೆರಳಿಟ್ಟು ‘ಇದನ್ನು ನೀವೇ ಒಮ್ಮೆ ಹಾಡಿ’ ಎನ್ನುವ ಅನುಭವಿಯೊಬ್ಬರು ಜೊತೆಗಿರಬೇಕು. ಪುಸ್ತಕ ನಿಯಮವನ್ನು ಹೇಳೀತು, ನಿಮ್ಮ ಹಾಡಿನಲ್ಲಿ ಗಂಟಲು ಎಲ್ಲಿ ಎಡವುತ್ತದೆ ಎಂದು ತೋರಿಸಲಾರದು.

ತರಬೇತಿಯ ಮುಖ್ಯ ನೆಲೆಗಳು ಅಮೆರಿಕದಲ್ಲಿವೆ. 1938ರಲ್ಲಿ ಒಕ್ಲಹೋಮದ ಟಲ್ಸಾದಲ್ಲಿ ಹುಟ್ಟಿದ, ಈಗ ನ್ಯಾಶ್‌ವಿಲ್‌ನಲ್ಲಿರುವ ಬಾರ್ಬರ್‌ಶಾಪ್ ಹಾರ್ಮನಿ ಸೊಸೈಟಿಯು ಹಾರ್ಮನಿ ಯೂನಿವರ್ಸಿಟಿ ಎಂಬ ಬೇಸಿಗೆ ಶಿಬಿರ ನಡೆಸುತ್ತದೆ. ನಿರ್ದೇಶಕರಿಗೂ ಹಾಡು ಹೊಂದಿಸುವವರಿಗೂ ಅಲ್ಲಿ ಬೇರೆ ಬೇರೆ ತರಗತಿಗಳಿವೆ. 1945ರಲ್ಲಿ ಅದೇ ಟಲ್ಸಾದಲ್ಲಿ ಆರಂಭವಾದ ಮಹಿಳೆಯರ ಸಂಸ್ಥೆ ಸ್ವೀಟ್ ಅಡೆಲೈನ್ಸ್ ಈ ಎರಡೂ ಬಗೆಯವರಿಗೆ ಹಂತಹಂತವಾದ ಪ್ರಮಾಣಪತ್ರದ ವ್ಯವಸ್ಥೆ ಮಾಡಿದೆ. ಆದರೆ ಪ್ರಮಾಣಪತ್ರಕ್ಕಿಂತ ಮೊದಲು ಒಂದು ಕೋರಸ್‌ನಲ್ಲಿ ಹಾಡುಗಾರರಾಗಿ ನಿಲ್ಲುವುದು ಮುಖ್ಯ ಎಂದೇ ನನ್ನ ಅಭಿಪ್ರಾಯ.

ಹಾಡು ಹೊಂದಿಸುವ ಕೆಲಸವನ್ನು ‘ಟ್ಯಾಗ್’ನಿಂದ ಶುರುಮಾಡಿ. ಹಾಡಿನ ಕೊನೆಯ ಕೆಲವೇ ಸಾಲುಗಳ ಮುಕ್ತಾಯವನ್ನು ಹಾಗೆನ್ನುತ್ತಾರೆ. ಕೂಟಗಳಲ್ಲಿ ಅದನ್ನು ನಿಮಿಷಗಳಲ್ಲಿ ಬಾಯಿಂದ ಬಾಯಿಗೆ ಕಲಿಸುತ್ತಾರೆ. ಹಕ್ಕುಸ್ವಾಮ್ಯದ ಅವಧಿ ಮುಗಿದ ಹಳೆಯ ಹಾಡನ್ನೇ ಆರಿಸಿಕೊಳ್ಳಿ; ಇಲ್ಲವಾದರೆ ನಿಮ್ಮ ಪ್ರತಿಯನ್ನು ಹಂಚುವ ಮೊದಲು ಅನುಮತಿ ಪಡೆಯಬೇಕಾಗುತ್ತದೆ. ಮೂವರನ್ನು ಕರೆಯಿರಿ. ಲೀಡ್, ಟೆನರ್, ಬೇಸ್ ಅವರಿಗೆ ಕೊಟ್ಟು ಬ್ಯಾರಿಟೋನ್ ಸಾಲನ್ನು ನೀವು ಹಾಡಿ.