ಹಳೆಯ ಗುಡಿಯ ಹತ್ತಿರ ಕಲ್ಲು ಕ್ವಾರಿ: ಕಾನೂನು ಎಷ್ಟು ದೂರದವರೆಗೆ ಕಾಯುತ್ತದೆ?

ಪ್ರಶ್ನೆ: ನಮ್ಮೂರ ಹಳೆಯ ಕಲ್ಲಿನ ಗುಡಿಯಿಂದ ಅರ್ಧ ಕಿಲೋಮೀಟರ್ ದೂರದಲ್ಲಿ ಕ್ವಾರಿ ಶುರುವಾಗಿದೆ. ಬ್ಲಾಸ್ಟಿಂಗ್ ಆದಾಗಲೆಲ್ಲ ಗೋಡೆ ಅದುರುತ್ತದೆ. ತಡೆಯೋಕೆ ಕಾನೂನು ಇಲ್ವಾ? ಪಕ್ಕದ ಗುಡ್ಡದ ಗತಿ ಏನು?

ಉತ್ತರ: ಕಾನೂನು ಇದೆ. ಆದರೆ ಮೊದಲು ನಿಮ್ಮ ಗುಡಿ ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿದೆಯಾ ಎಂದು ನೋಡಬೇಕು. ಎಷ್ಟೇ ಹಳೆಯದಾಗಿರಲಿ, ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಸ್ಮಾರಕ ಕಾಯ್ದೆ ನೆರವಿಗೆ ಬರುವುದಿಲ್ಲ. ನನಗೆ ತುಂಬಾ ನೋವು ಕೊಡುವ ಸಂಗತಿ ಇದು. ಪಟ್ಟಿಗಳು ಎರಡು: 1958ರ ಕಾಯ್ದೆಯಡಿ ಕೇಂದ್ರದ್ದು, 1961ರ ಕಾಯ್ದೆಯಡಿ ಕರ್ನಾಟಕದ್ದು.

ಕೇಂದ್ರದ ಪಟ್ಟಿಯಲ್ಲಿರುವ ಸ್ಮಾರಕದಿಂದ 100 ಮೀಟರ್ ಒಳಗೆ ಗಣಿಗಾರಿಕೆ ಮಾಡುವಂತಿಲ್ಲ ಎಂದು 1992ರಲ್ಲೇ ಅಧಿಸೂಚನೆ ಬಂತು. ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು. 1959ರ ನಿಯಮಗಳ ಪ್ರಕಾರ ಕ್ವಾರಿ, ಬ್ಲಾಸ್ಟಿಂಗ್ ಎಲ್ಲವೂ ಗಣಿಗಾರಿಕೆಯೇ. ‘ನಮ್ಮದು ಗಣಿ ಅಲ್ಲ, ಬರೀ ಜಲ್ಲಿ’ ಎಂದರೆ ನಡೆಯುವುದಿಲ್ಲ. ಸ್ಮಾರಕಕ್ಕೆ ಹಾನಿ ಮಾಡಿದವರಿಗೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ನಿಮ್ಮ ಕ್ವಾರಿ ಈ 300 ಮೀಟರ್ ಗೆರೆಯ ಆಚೆ ಇದೆ, ಅಲ್ವಾ? ಹಾಗಂತ ಕೈಬಿಡಬೇಡಿ. ಬಂಡೆಯೊಳಗೆ ಹೊರಟ ಕಂಪನಕ್ಕೆ ಮೀಟರ್ ಲೆಕ್ಕ ಗೊತ್ತಿಲ್ಲ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿ ಕಟ್ಟಿದ ಗುಡಿಯಲ್ಲಿ ಪ್ರತಿ ಸಲವೂ ಸಂದು ಸ್ವಲ್ಪ ಸ್ವಲ್ಪವೇ ಸಡಿಲವಾಗಬಹುದು. ಹೊಸಪೇಟೆ ಹತ್ತಿರದ ಜಂಬುನಾಥೇಶ್ವರ ದೇವಸ್ಥಾನದ ವಿಷಯದಲ್ಲಿ ಇದೇ ಜಗಳ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಅದು ರಾಜ್ಯದ ಪಟ್ಟಿಯಲ್ಲಿರುವ ಸ್ಮಾರಕ. ಸುತ್ತ 1 ಕಿಲೋಮೀಟರ್ ಒಳಗೆ ಗಣಿಗಾರಿಕೆ ಬೇಡ ಎಂದ ತಜ್ಞರ ಮಾತನ್ನು ಕೋರ್ಟ್ 2013ರಲ್ಲಿ ಒಪ್ಪಿತು. ನಿಮ್ಮ ಅರ್ಜಿಯಲ್ಲಿ ಈ ತೀರ್ಪನ್ನು ಖಂಡಿತ ಹೇಳಿ.

ಗುಡ್ಡದ ಕಡೆ ಬಂದರೆ ರಕ್ಷಣೆ ತೆಳು. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳ ಒಳಗೂ ಗಡಿಯಿಂದ 1 ಕಿಲೋಮೀಟರ್‌ವರೆಗೂ ಗಣಿಗಾರಿಕೆ ಬೇಡ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಶಿಲೆಯಂಥವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದ್ದಾರೆ. ಇಂಥ ಜಾಗಗಳಿಗಾಗಿಯೇ ಪ್ರತ್ಯೇಕ ಕಾನೂನಿನ ಕರಡು ಬಂದದ್ದು 2022ರಲ್ಲಿ. ಸುಮ್ನೆ ಗುಡ್ಡ ಎಂದು ಅರ್ಜಿ ಕೊಟ್ಟರೆ ಕೆಲಸ ಕಷ್ಟ. ಅದರ ಮೇಲೆ ಶಾಸನವೋ ಕೋಟೆಯ ಗೋಡೆಯೋ ಇದ್ದರೆ ಅದನ್ನು ಹಿಡಿದು ಹೊರಡಿ.

ಈಗಲೇ ಮಾಡಬಹುದಾದ ಕೆಲಸವಿದೆ. ಬಿರುಕುಗಳ ಫೋಟೋ ತೆಗೆದು ತಾರೀಖು ಬರೆದಿಡಿ. ಮಾಹಿತಿ ಹಕ್ಕಿನಡಿ ಪುರಾತತ್ವ ಇಲಾಖೆಯಿಂದ ಗುಡಿಯ ಅಧಿಸೂಚನೆ, ಗಣಿ ಮತ್ತು ಭೂವಿಜ್ಞಾನ ಇಲಾಖೆಯಿಂದ ಕ್ವಾರಿಯ ಗುತ್ತಿಗೆ ನಕ್ಷೆ ಕೇಳಿ. ಎರಡರಲ್ಲೂ ಸರ್ವೆ ನಂಬರ್ ಇರಲಿ. ದೂರ ಅಳೆಯುವಾಗ ಗರ್ಭಗುಡಿಯಿಂದ ಅಳೆಯಬೇಡಿ, ಸಂರಕ್ಷಿತ ಜಾಗದ ಗಡಿಯಿಂದ ಅಳೆಯಿರಿ. ಪಟ್ಟಿಯಲ್ಲಿ ಹೆಸರೇ ಇಲ್ಲವೆಂದಾದರೆ, ಗುಡಿಗೆ 100 ವರ್ಷ ದಾಟಿದ್ದರೆ, ಸೇರಿಸಿ ಎಂದು ಇಲಾಖೆಗೆ ಅರ್ಜಿ ಕೊಡಿ.